ತೆರೆ, ತೆರೆದಿದೆ

ರಾಮನಗರದ ರೇಷ್ಮೆ ಶೆಡ್ಡುಗಳಿಗೆ ಹೋದಾಗ ನನಗೆ ಎದುರಾಗುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ. "ಸಾರ್, ಈ ಸ್ಕ್ರೀನಿಗೆ ಯಾವ ಸಾಫ್ಟ್‌ವೇರ್ ಹಾಕೋದು? ಯಾವ್ದು ಕಮ್ಮಿಗೆ ಬರ್ತದೆ?"

ಸಣ್ಣ ಕಾರ್ಖಾನೆಗಳಿಗೆ ಕಂಟ್ರೋಲ್ ಪ್ಯಾನೆಲ್ ಕಟ್ಟಿಕೊಡುವುದು, ಅದರ ಮುಂದೆ ನಿಂತು ಕೆಲಸ ಮಾಡುವವರಿಗೆ ಒಂದು ಪರದೆ ಮಾಡಿಕೊಡುವುದು ನನ್ನ ಕಸುಬು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರುಗಳ ಸುತ್ತಲೇ ನನ್ನ ಓಡಾಟ. ಈ ಪ್ರಶ್ನೆಗೆ ಬೆಲೆಪಟ್ಟಿ ನೋಡಿ ಉತ್ತರ ಹೇಳಿಬಿಡಬಹುದು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಹೇಳಲು ಹೊರಟರೆ ಅದು ಭಾಷೆಯ ಪ್ರಶ್ನೆಯಾಗುತ್ತದೆ, ಯಾರ ಮಾತು ನಡೆಯಬೇಕು ಎಂಬ ಪ್ರಶ್ನೆಯಾಗುತ್ತದೆ. ಹಾಗಾಗಿಯೇ ಕಥೆ ಕವಿತೆ ಓದುವವರ ಮುಂದೆ ಇದನ್ನು ಹೇಳಬಹುದು ಅನಿಸಿತು.

ಮೊದಲು ವಸ್ತು ಏನೆಂದು ಹೇಳಿಬಿಡುತ್ತೇನೆ. ಕಾರ್ಖಾನೆಯ ಮೋಟಾರು, ವಾಲ್ವು, ಹೀಟರುಗಳನ್ನು ನಡೆಸುವುದು ಪಿಎಲ್‌ಸಿ ಎಂಬ ಪುಟ್ಟ ಗಣಕ. ಅದಕ್ಕೆ ಮುಖವಿಲ್ಲ. ಕಬ್ಬಿಣದ ಪೆಟ್ಟಿಗೆಯೊಳಗೆ ತಂತಿಗಳ ನಡುವೆ ಕೂತು ಸೆಕೆಂಡಿಗೆ ಹತ್ತಾರು ಸಲ ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುತ್ತಿರುತ್ತದೆ. ಅದಕ್ಕೊಂದು ಮುಖ ಕೊಡುವುದು ಆಪರೇಟರ್ ಇಂಟರ್‌ಫೇಸ್, ನಮ್ಮವರ ಬಾಯಲ್ಲಿ ಎಚ್‌ಎಮ್‌ಐ. ಲಿಫ್ಟಿನ ಗುಂಡಿಗಳು, ಎಟಿಎಮ್ಮಿನ ಪರದೆ ಎಲ್ಲವೂ ಈ ಕುಲದವೇ. ಪರದೆಯ ಮೇಲೆ ತೊಟ್ಟಿಯ ಚಿತ್ರ, ಅದರ ಮೇಲೆ ಉಷ್ಣತೆಯ ಅಂಕಿ, ಪಕ್ಕದಲ್ಲಿ ಒಂದು ಗುಂಡಿ. ಒತ್ತಿದರೆ ಆಜ್ಞೆ ಒಳಗೆ ಹೋಗುತ್ತದೆ, ಸ್ಥಿತಿ ಹೊರಗೆ ಬರುತ್ತದೆ. ಇವೆರಡರ ನಡುವಿನ ಭಾಷೆ ಬಹಳ ಸಲ ಮಾಡ್‌ಬಸ್. 1979ರಲ್ಲಿ ಮಾಡಿಕಾನ್ ಕಂಪನಿ ಹೊರತಂದ ಈ ಪದ್ಧತಿ ಇವತ್ತಿಗೂ ಎರಡು ತಂತಿಗಳ ಮೇಲೆ ನಮ್ಮೂರಿನ ಶೆಡ್ಡುಗಳಲ್ಲಿ ಓಡುತ್ತಿದೆ. ಅದಕ್ಕೆ ಗೊತ್ತಿರುವುದು ಅಂಕಿಗಳು ಮಾತ್ರ. ನಲವತ್ತನೆಯ ಖಾನೆಯಲ್ಲಿ 942 ಇದೆ ಎಂದಷ್ಟೇ ಅದು ಹೇಳುತ್ತದೆ. ಅದು 94.2 ಡಿಗ್ರಿ, ಅದು ಗೂಡು ಬೇಯಿಸುವ ನೀರು, ಅದು ಸ್ವಲ್ಪ ತಣ್ಣಗಾಯಿತು ಎಂಬ ಅರ್ಥವನ್ನೆಲ್ಲ ಪರದೆ ಬರೆಯುವವನು ತುಂಬಬೇಕು.

ರಾಮನಗರದಲ್ಲಿ ಆ ಅರ್ಥದ ಹಿಂದೆ ಒಂದು ಊರಿನ ಬದುಕಿದೆ. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ರೇಷ್ಮೆ ಗೂಡಿನ ಮಾರುಕಟ್ಟೆ ಇಲ್ಲಿಯದು. ಬೆಳಿಗ್ಗೆ ಅಲ್ಲಿ ಹರಾಜಾದ ಗೂಡು ಬಿಚ್ಚಾಣಿಕೆದಾರರ ಶೆಡ್ಡಿಗೆ ಬರುತ್ತದೆ. ಗೂಡಿನ ಎಳೆ ಎರಡು ಪದಾರ್ಥಗಳಿಂದ ಆದದ್ದು. ಒಳಗೆ ಫೈಬ್ರಾಯಿನ್ ಎಂಬ ನಾರು, ಹೊರಗೆ ಅದನ್ನು ಅಂಟಿಸಿ ಹಿಡಿದಿರುವ ಸೆರಿಸಿನ್ ಎಂಬ ಗೋಂದು. ಗೂಡನ್ನು ಕುದಿಯುವುದಕ್ಕೆ ಹತ್ತಿರದ ಬಿಸಿನೀರಿನಲ್ಲಿ ಬೇಯಿಸಿದರೆ ಗೋಂದು ಮೆದುವಾಗಿ ಎಳೆಯ ತುದಿ ಬಿಡಿಸಿಕೊಳ್ಳುತ್ತದೆ. ಬೆಂದ ಗೂಡುಗಳ ಕೆಲವು ಎಳೆಗಳನ್ನು ಸೇರಿಸಿದರೆ ಒಂದು ಕಚ್ಚಾ ನೂಲು. ಒಳ್ಳೆಯ ದ್ವಿತಳಿ ಗೂಡಿನ ಎಳೆ ಬಿಚ್ಚುತ್ತ ಹೋದರೆ ಸಾವಿರ ಮೀಟರಿನಷ್ಟು ಉದ್ದ ಬರಬಹುದು. ಕಡಿಮೆ ಬೆಂದರೆ ಎಳೆ ಕಡಿಯುತ್ತದೆ, ಹೆಚ್ಚು ಬೆಂದರೆ ನೂಲಿನ ಮೇಲೆ ಗಂಟು, ಕೊನೆಗೆ ತ್ಯಾಜ್ಯ. ಲಾಭ ನಷ್ಟ ಎರಡೂ ಆ ಕೆಲವು ನಿಮಿಷಗಳ ಬೇಯುವಿಕೆಯಲ್ಲಿ ತೀರ್ಮಾನವಾಗುತ್ತವೆ.

ಚರಕದ ಕಾಲದಿಂದ ಕಾಟೇಜ್ ಬೇಸಿನ್, ಅಲ್ಲಿಂದ ಮಲ್ಟಿ ಎಂಡ್, ಈಗ ಆಟೊಮ್ಯಾಟಿಕ್ ರೀಲಿಂಗ್ ಯಂತ್ರ ಎಂದು ಈ ಕಸುಬು ಹತ್ತಿ ಬಂದ ಮೆಟ್ಟಿಲುಗಳನ್ನು ರಾಮನಗರದ ಬೀದಿಗಳಲ್ಲಿ ಇವತ್ತೂ ಒಟ್ಟಿಗೇ ನೋಡಬಹುದು. ಆಟೊಮ್ಯಾಟಿಕ್ ಯಂತ್ರಗಳು ಹೆಚ್ಚಾಗಿ ಚೀನಾದಿಂದ ಬಂದವು. ನನ್ನನ್ನು ಕರೆದದ್ದು ಅಂಥ ದೊಡ್ಡ ಘಟಕವಲ್ಲ. ಒಂದು ಬಾಯ್ಲರು, ಬೇಯಿಸುವ ತೊಟ್ಟಿ, ಕೆಲವು ಮಲ್ಟಿ ಎಂಡ್ ಬೇಸಿನ್ನುಗಳಿದ್ದ ಮನೆತನದ ಶೆಡ್ಡು. ಉಷ್ಣತೆ, ಹಬೆಯ ಒತ್ತಡ, ನೀರಿನ ಮಟ್ಟ ಒಂದೇ ಕಡೆ ಕಾಣಬೇಕು, ನಾಳೆ ಬೇಕಾದ್ದು ನಾವೇ ಬದಲಿಸಿಕೊಳ್ಳುವಂತಿರಬೇಕು, ಕಮ್ಮಿಗೆ ಆಗಬೇಕು. ಇಷ್ಟು ಅವರ ಬೇಡಿಕೆ.

ಕಮ್ಮಿ ಎಂಬುದರಿಂದಲೇ ಶುರುಮಾಡೋಣ. ಈ ಸಾಫ್ಟ್‌ವೇರುಗಳ ವ್ಯಾಪಾರದಲ್ಲಿ ಬೆಲೆ ಅಳೆಯುವ ಹಳೆಯ ಕೋಲು 'ಟ್ಯಾಗ್'. ಪರದೆ ಪಿಎಲ್‌ಸಿಯೊಂದಿಗೆ ಹಂಚಿಕೊಳ್ಳುವ ಒಂದೊಂದು ಬೆಲೆಯೂ ಒಂದು ಟ್ಯಾಗ್. ಒಂದು ಉಷ್ಣತೆ ಒಂದು ಟ್ಯಾಗ್, ಒಂದು ಮೋಟಾರು ಓಡುತ್ತಿದೆಯೇ ಎಂಬುದು ಒಂದು, ಅದನ್ನು ಓಡಿಸು ಎಂಬ ಗುಂಡಿ ಮತ್ತೊಂದು. ಇಷ್ಟು ಟ್ಯಾಗಿನವರೆಗೆ ಒಂದು ದರ, ಅದು ದಾಟಿದರೆ ಮುಂದಿನ ದರ. ಪರದೆ ರಚಿಸುವ ಪರವಾನಗಿ ಬೇರೆ, ಅದನ್ನು ಓಡಿಸುವ ಪರವಾನಗಿ ಬೇರೆ. ಕೆಲವಕ್ಕೆ ಗಣಕಕ್ಕೆ ಸಿಕ್ಕಿಸುವ ಒಂದು ಡಾಂಗಲ್, ಅದು ಕಳೆದರೆ ಎಲ್ಲವೂ ನಿಂತಂತೆ. ಈ ಶೆಡ್ಡಿಗೆ ಬಂದಿದ್ದ ಒಂದು ಕೊಟೇಶನ್ನಿನಲ್ಲಿ ಪರದೆಯ ಸಾಫ್ಟ್‌ವೇರಿನ ಬೆಲೆ ಪಿಎಲ್‌ಸಿಯ ಬೆಲೆಯನ್ನು ಮೀರಿತ್ತು. ಎತ್ತಿಗಿಂತ ಗಂಟೆಯ ಬೆಲೆ ಜಾಸ್ತಿ ಎಂದರು ಮನೆಯ ಹಿರಿಯರು.

ದುಬಾರಿಯವು ಕೆಟ್ಟವಲ್ಲ. ವಂಡರ್‌ವೇರ್ ಕಂಪನಿಯ ಇನ್‌ಟಚ್ ವಿಂಡೋಸ್ ಮೇಲೆ ಮೊದಲು ಬಂದವುಗಳಲ್ಲಿ ಒಂದು. ಸೀಮೆನ್ಸ್‌ನ ವಿನ್‌ಸಿಸಿ, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಸೈಟೆಕ್ಟ್ ದೊಡ್ಡ ದೊಡ್ಡ ಸ್ಥಾವರಗಳನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿವೆ. ಇವೆಲ್ಲಕ್ಕೂ ಸ್ಕ್ರಿಪ್ಟ್ ಬರೆಯುವ ಸೌಲಭ್ಯವಿದೆ. ಒಂದಕ್ಕೆ ತನ್ನದೇ ಭಾಷೆ, ಇನ್ನೊಂದಕ್ಕೆ ಸಿ ಮತ್ತು ವಿಬಿಸ್ಕ್ರಿಪ್ಟ್. ಅಮೆರಿಕದ ಇಗ್ನಿಶನ್ ಎಂಬ ಸಾಫ್ಟ್‌ವೇರ್ ಟ್ಯಾಗ್ ಎಣಿಸುವುದನ್ನೇ ಬಿಟ್ಟು ಸರ್ವರಿಗೆ ಇಷ್ಟು ಎಂದು ಬೆಲೆ ಕಟ್ಟಿತು, ಸ್ಕ್ರಿಪ್ಟಿಗೆ ಪೈಥಾನ್ ಇಟ್ಟಿತು. ಮಧ್ಯಮ ಗಾತ್ರದ ಕಾರ್ಖಾನೆಗಳಿಗೆ ಅದು ದೊಡ್ಡ ಬಿಡುಗಡೆ. ಆದರೆ ಒಂದು ಬಾಯ್ಲರು, ಒಂದು ತೊಟ್ಟಿಯ ಶೆಡ್ಡಿಗೆ ಅದೂ ಭಾರವೇ.

ಇನ್ನೊಂದು ತುದಿಯಲ್ಲಿ ಮುಕ್ತ ತಂತ್ರಾಂಶಗಳಿವೆ. ಐಬಿಎಮ್‌ನಲ್ಲಿದ್ದ ನಿಕ್ ಓ'ಲಿಯರಿ ಮತ್ತು ಡೇವ್ ಕಾನ್ವೇ-ಜೋನ್ಸ್ 2013ರಲ್ಲಿ ಹೊರತಂದ ನೋಡ್-ರೆಡ್‌ನಲ್ಲಿ ಪೆಟ್ಟಿಗೆಗಳ ನಡುವೆ ಗೆರೆ ಎಳೆಯುತ್ತ ಕೆಲಸ ಹೆಣೆಯಬಹುದು, ನಡುವೆ ಬೇಕಾದಲ್ಲಿ ಜಾವಾಸ್ಕ್ರಿಪ್ಟ್ ಬರೆಯಬಹುದು. ಫುಕ್ಸಾ ಎಂಬುದು ಬ್ರೌಸರಿನಲ್ಲೇ ಪರದೆ ಚಿತ್ರಿಸಿ ಬ್ರೌಸರಿನಲ್ಲೇ ನೋಡುವಂಥದು. ರಾಪಿಡ್ ಸ್ಕಾಡಾ ಇದೆ, ಬ್ರೆಜಿಲ್‌ನವರು ಬೆಳೆಸಿದ ಸ್ಕಾಡಾಬಿಆರ್ ಇದೆ. ಇವಕ್ಕೆ ಪರವಾನಗಿ ಶುಲ್ಕವಿಲ್ಲ. ಆದರೆ ಖರ್ಚೇ ಇಲ್ಲ ಎಂದು ಹೇಳಿ ಕೊಡುವುದು ಮೋಸ. ಕೆಟ್ಟಾಗ ಫೋನ್ ಮಾಡಲು ಕಂಪನಿ ಇಲ್ಲ, ಕಲಿತವರೊಬ್ಬರು ಊರಲ್ಲಿರಬೇಕು. ಸಣ್ಣ ಗಣಕದ ಮೆಮೊರಿ ಕಾರ್ಡು ಕರೆಂಟು ಹೋಗಿ ಬಂದು ಮಾಡುವುದಕ್ಕೆ ತಾಳುವುದಿಲ್ಲ, ಗಟ್ಟಿ ಡಿಸ್ಕು ಮತ್ತು ಪುಟ್ಟ ಯುಪಿಎಸ್ ಬೇಕು. ಇವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಮನೆಯವರ ಮುಂದಿಟ್ಟೆ.

ಆ ಹಾಳೆ ನೋಡಿ ತೀರ್ಮಾನಿಸುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಇತ್ತು. ಪರದೆಯನ್ನು ಓದುವವರು ಯಾರು?

ಆ ಶೆಡ್ಡಿನಲ್ಲಿ ಗೂಡು ಬೇಯಿಸುವುದು ಒಬ್ಬ ಹೆಂಗಸು. ಎಲ್ಲರೂ ಅಮ್ಮ ಎಂದೇ ಕರೆಯುತ್ತಾರೆ. ಥರ್ಮಾಮೀಟರನ್ನು ನೋಡದೆ, ನೀರಿನ ಮೇಲಿನ ಹಬೆ, ಗುಳ್ಳೆ, ಗೂಡಿನ ಬಣ್ಣ ತಿರುಗುವುದು, ಬೆರಳಲ್ಲಿ ಒತ್ತಿದಾಗ ಅದು ಮಣಿಯುವ ಬಗೆ, ಇಷ್ಟರಿಂದ ಬೆಂದಿದೆಯೋ ಇಲ್ಲವೋ ಹೇಳುತ್ತಾರೆ. ಬಿಸಿನೀರಿನ ಕೆಲಸ ಮಾಡಿದ ಕೈಗಳ ಚರ್ಮ ಹೇಗಿರುತ್ತದೆ ಎಂದು ರಾಮನಗರದವರಿಗೆ ಬಿಡಿಸಿ ಹೇಳಬೇಕಿಲ್ಲ. ಯಂತ್ರ ಬಂದರೆ ಆ ಕೈಗಳಿಗೆ ಒಳ್ಳೆಯದೇ. ಆದರೆ ಆ ಕೈಗಳಿಗೆ ಗೊತ್ತಿರುವುದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ಈ ಪ್ರಶ್ನೆ ನನಗೆ ಸ್ಪಷ್ಟವಾದದ್ದು ಚನ್ನಪಟ್ಟಣದಲ್ಲಿ. ಅಲ್ಲಿ ಬೊಂಬೆ ಮಾಡುವವರೊಬ್ಬರು ಆಲೆ ಮರದ ತುಂಡುಗಳನ್ನು ಒಣಗಿಸುವ ಕೋಣೆಗೆ ತೇವಾಂಶ ತೋರಿಸುವ ಪರದೆ ಬೇಕೆಂದು ಕರೆಸಿದ್ದರು. ಲೇತಿನ ಹತ್ತಿರ ನಿಂತು ನೋಡಿದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು. ಎಷ್ಟು ಒತ್ತಬೇಕು, ಯಾವಾಗ ಸಾಕು ಎಂಬುದಕ್ಕೆ ಅಲ್ಲಿ ಅಂಕಿ ಇಲ್ಲ. ಕಡ್ಡಿ ಹಿಡಿದ ಕೈಗೇ ಬಿಸಿ ತಿಳಿಯುತ್ತದೆ, ಆ ಕೈಯೇ ಒತ್ತಡವನ್ನು ಬದಲಿಸುತ್ತದೆ. ಅಂದರೆ ಸ್ಥಿತಿ ಹೊರಬರುವ ದಾರಿಯೂ ಆಜ್ಞೆ ಒಳಹೋಗುವ ದಾರಿಯೂ ಒಂದೇ ಕೈ. ನಾವು ಪರದೆ ತಂದಾಗ ಆ ಒಂದು ದಾರಿಯನ್ನು ಎರಡಾಗಿ ಸೀಳುತ್ತೇವೆ. ನೋಡುವುದು ಬೇರೆ, ಮಾಡುವುದು ಬೇರೆ. ಸೀಳಿದ ಮೇಲೆ ಎರಡನ್ನೂ ಮತ್ತೆ ಹೊಲಿಯುವುದು ಪರದೆಯ ಮೇಲಿನ ಮಾತು. ಆ ಮಾತು ಸರಿಯಿಲ್ಲದಿದ್ದರೆ ಮನುಷ್ಯ ಕುರುಡಾಗುತ್ತಾನೆ.

ಇದು ಅತಿಶಯೋಕ್ತಿಯಲ್ಲ. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಒತ್ತಡ ಇಳಿಸುವ ವಾಲ್ವೊಂದು ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳದೆ ಸಿಕ್ಕಿಹಾಕಿಕೊಂಡಿತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಆರಿತ್ತು. ದೀಪ ಆರಿದರೆ ವಾಲ್ವು ಮುಚ್ಚಿದೆ ಎಂದು ಅಲ್ಲಿದ್ದವರು ತಿಳಿದರು. ಆ ದೀಪ ಹೇಳುತ್ತಿದ್ದದ್ದು ಬೇರೆ. ಮುಚ್ಚು ಎಂಬ ಆಜ್ಞೆ ಹೋಗಿದೆ ಎಂದಷ್ಟೇ ಅದರ ಅರ್ಥ. ವಾಲ್ವು ನಿಜವಾಗಿ ಯಾವ ಸ್ಥಿತಿಯಲ್ಲಿದೆ ಎಂದು ಅದಕ್ಕೆ ಗೊತ್ತೇ ಇರಲಿಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ತಂಪುಕಾರಕ ನೀರು ಸೋರಿತು, ಅಣುಸ್ಥಾವರದ ಗರ್ಭ ಭಾಗಶಃ ಕರಗಿತು. ಆಜ್ಞೆಗೂ ಸ್ಥಿತಿಗೂ ನಡುವಿನ ವ್ಯತ್ಯಾಸವನ್ನು ಒಂದು ದೀಪ ನುಂಗಿಬಿಟ್ಟಿತ್ತು.

ಇಂಗ್ಲಿಷ್ ಪರದೆಗಳಲ್ಲಿ ಈ ಅಪಾಯ ಭಾಷೆಯೊಳಗೇ ಕೂತಿದೆ. ವಾಲ್ವಿನ ಚಿತ್ರದ ಪಕ್ಕ 'ಓಪನ್' ಎಂದು ಬರೆದಿದ್ದರೆ ಅದು ಗುಂಡಿಯೋ ಸುದ್ದಿಯೋ? ತೆರೆ ಎಂದು ಹೇಳಲು ಅಲ್ಲಿ ಒತ್ತಬೇಕೋ, ತೆರೆದಿದೆ ಎಂದು ಅದು ಹೇಳುತ್ತಿದೆಯೋ? ಬಣ್ಣ, ಆಕಾರ, ಅಭ್ಯಾಸಗಳಿಂದ ಅದನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಈ ಗೊಂದಲಕ್ಕೆ ಜಾಗವೇ ಇಲ್ಲ. ತೆರೆ ಎಂದರೆ ಆಜ್ಞೆ. ತೆರೆಯುತ್ತಿದೆ ಎಂದರೆ ಕೆಲಸ ನಡೆದಿದೆ. ತೆರೆದಿದೆ ಎಂದರೆ ಆಗಿಹೋಗಿದೆ. ತೆರೆದಿಲ್ಲ ಎಂದರೆ ಎಚ್ಚರ. ನಮ್ಮ ಕ್ರಿಯಾಪದವೇ ಕಾಲವನ್ನೂ ಸ್ಥಿತಿಯನ್ನೂ ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಈ ಕೆಲಸಕ್ಕೆ ಹೇಳಿ ಮಾಡಿಸಿದ ಭಾಷೆ ಇದು ಎಂದು ನನಗೆ ಖುಷಿಯಾಯಿತು. ಪರದೆಗೂ ಕನ್ನಡದಲ್ಲಿ ತೆರೆ ಎಂದೇ ಹೆಸರಿದೆಯಲ್ಲ ಎಂದು ಆಮೇಲೆ ಹೊಳೆಯಿತು.

ಖುಷಿಪಟ್ಟಷ್ಟು ಸುಲಭವಾಗಿ ಕನ್ನಡ ಪರದೆಯ ಮೇಲೆ ಬರುವುದಿಲ್ಲ. ಹಳೆಯ ಬಗೆಯ ಸಣ್ಣ ಟಚ್ ಪ್ಯಾನೆಲ್ಲುಗಳು ಅಕ್ಷರವನ್ನು ಒಂದರ ಪಕ್ಕ ಒಂದಿಟ್ಟು ಸಾಲು ಮಾಡುತ್ತವೆ. ಇಂಗ್ಲಿಷಿಗೂ ಚೀನೀ ಲಿಪಿಗೂ ಅಷ್ಟು ಸಾಕು. ಕನ್ನಡಕ್ಕೆ ಸಾಲದು. ಒತ್ತಕ್ಷರ ಕೆಳಗೆ ಇಳಿಯಬೇಕು, ಗುಣಿತ ಮೈಗೆ ಅಂಟಬೇಕು, ಅರ್ಕಾವತ್ತು ತನ್ನ ಜಾಗಕ್ಕೆ ಹೋಗಬೇಕು. ಇಲ್ಲದಿದ್ದರೆ 'ಉಷ್ಣತೆ'ಯ ಷಕಾರ ಒಂದು ಕಡೆ, ಣಕಾರ ಇನ್ನೊಂದು ಕಡೆ ಬಿದ್ದು ನಡುವೆ ಒಂದು ಅರ್ಧಾಕ್ಷರದ ಬಾಲ ನೇತಾಡುತ್ತದೆ. ಕೆಲವರು ಹಳೆಯ ಕಾಲದ ಫಾಂಟುಗಳಿಂದ ದಾರಿ ಮಾಡಿಕೊಂಡರು. ಅವುಗಳಲ್ಲಿ ಕನ್ನಡ ಅಕ್ಷರ ಕಾಣುವುದು ಇಂಗ್ಲಿಷ್ ಅಕ್ಷರದ ಖಾನೆಯಲ್ಲಿ. ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಆದರೆ ದಿನದ ವರದಿ ಬೇರೆ ಗಣಕಕ್ಕೆ ಹೋದರೆ ಗೀಚಾಟ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಜಾಗವಿದೆ. ಜಾಗವಿದ್ದರೆ ಸಾಲದು, ಅಕ್ಷರ ಜೋಡಿಸುವ ಯಂತ್ರವೂ ಬೇಕು. ಇವತ್ತು ಅದು ಎಲ್ಲ ಬ್ರೌಸರುಗಳಲ್ಲೂ ಇದೆ. ಮೊಬೈಲಿನಲ್ಲಿ ಈ ಪ್ರಬಂಧ ಓದಲು ಸಾಧ್ಯವಾಗಿರುವುದೂ ಅದರಿಂದಲೇ.

ಹಾಗಾಗಿ ಬ್ರೌಸರಿನಲ್ಲಿ ತೆರೆದುಕೊಳ್ಳುವ ಎಚ್‌ಎಮ್‌ಐ ನನ್ನ ಪಟ್ಟಿಯಲ್ಲಿ ಮೇಲಕ್ಕೆ ಬಂತು. ಬೆಲೆಗಿಂತ ಮೊದಲು ಒತ್ತಕ್ಷರ ತೀರ್ಮಾನ ಮಾಡಿತು.

ಆಮೇಲೆ ಮಾತುಗಳನ್ನು ಆರಿಸುವ ಕೆಲಸ. ನಾನು 'ಕುದಿಸುವ ತೊಟ್ಟಿಯ ಉಷ್ಣತೆ ನಿಗದಿತ ಮಟ್ಟಕ್ಕಿಂತ ಕಡಿಮೆ' ಎಂದು ಬರೆದಿದ್ದೆ. ಅಮ್ಮ ಅದನ್ನು ಓದಿಸಿಕೊಂಡು ಕೇಳಿದರು, "ನೀರು ತಣ್ಣಗಾಗೈತೆ ಅಂತ ತಾನೇ ಇದು ಹೇಳೋದು?" ಪರದೆಯ ಮೇಲೆ 'ನೀರು ತಣ್ಣಗಾಗಿದೆ' ಎಂದು ಬಂತು. ಬಾಯ್ಲರಿನ ನೀರಿನ ಮಟ್ಟಕ್ಕೆ 'ನೀರು ಇಳಿದಿದೆ'. ಬೇಸಿನ್ನಿನಲ್ಲಿ ಕೆಲಸ ಮಾಡುವ ಕೆಲವರ ಮನೆಮಾತು ಉರ್ದು, ಒಬ್ಬಿಬ್ಬರು ಬೇರೆ ರಾಜ್ಯದಿಂದ ಬಂದವರು. ಅವರವರ ಲಿಪಿಯಲ್ಲಿ ಅದೇ ಸಂದೇಶ ಬರುವಂತೆ ಒಂದು ಗುಂಡಿ ಇಟ್ಟೆವು. ಬ್ರೌಸರಿಗೆ ಅದೂ ಸಲೀಸು. ಉರ್ದು ಬಲದಿಂದ ಎಡಕ್ಕೆ ತಾನಾಗಿ ತಿರುಗಿಕೊಂಡಿತು.

ಕಡಿಮೆ ಮಾತು ಸಾಕೆಂಬುದಕ್ಕೂ ಕಾರಣವಿದೆ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟ ಸಂಭವಿಸುವ ಮುನ್ನಿನ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಎಚ್ಚರಿಕೆಗಳು ಬಂದವು. ಅಷ್ಟನ್ನು ಓದಿ ಅರ್ಥಮಾಡಿಕೊಳ್ಳುವುದು ಯಾರಿಂದಲೂ ಆಗದು. ಟ್ಯಾಗಿಗೊಂದು ಎಚ್ಚರಿಕೆ ಜೋಡಿಸುವುದು ಯಾವ ಸಾಫ್ಟ್‌ವೇರಿನಲ್ಲೂ ಸುಲಭ. ಕೇಳಿಸಿಕೊಂಡವರು ಈಗಲೇ ಏನಾದರೂ ಮಾಡಬೇಕು ಎಂಬಂಥವನ್ನು ಮಾತ್ರ ಉಳಿಸುವುದು ಕಷ್ಟ. ನಮ್ಮ ಶೆಡ್ಡಿನಲ್ಲಿ ಉಳಿದವು ಏಳು.

ಇಲ್ಲಿ ಸ್ಕ್ರಿಪ್ಟಿನ ಮಾತು ಬರುತ್ತದೆ. ಸ್ಕ್ರಿಪ್ಟ್ ಎಂದರೆ ಪರದೆಯ ಹಿಂದೆ ಬರೆಯುವ ಸಣ್ಣ ಸಣ್ಣ ನಿಯಮಗಳು. ಇಂಥದಾದರೆ ಇಂಥದು ತೋರಿಸು, ಇಷ್ಟು ಹೊತ್ತು ಹೀಗೇ ಇದ್ದರೆ ಮಾತ್ರ ಕೂಗು. ಇದರ ಬೆಲೆ ನನಗೆ ಗೊತ್ತಾದದ್ದು ಕನಕಪುರದ ಒಂದು ಘಟಕದಲ್ಲಿ. ಅಲ್ಲಿಯೂ ಗೂಡಿನ ಕೆಲಸವೇ. ಮಳೆಗಾಲದ ಗೂಡು ಬೇರೆ, ಬೇಸಿಗೆಯದು ಬೇರೆ, ಮಿಶ್ರತಳಿ ಬೇರೆ, ದ್ವಿತಳಿ ಬೇರೆ. ಎಲ್ಲಕ್ಕೂ ಒಂದೇ ಹೊತ್ತು, ಒಂದೇ ಬಿಸಿ ಒಗ್ಗುವುದಿಲ್ಲ. ಮೊದಲೇ ಸಿದ್ಧವಾಗಿ ಬಂದಿದ್ದ ಪರದೆಯಲ್ಲಿ ಒಂದೇ ಪಾಕವಿಧಾನವಿತ್ತು. ಅದನ್ನು ಬದಲಿಸಲು ಬೆಂಗಳೂರಿನಿಂದ ಜನ ಬರಬೇಕಿತ್ತು. ಅವರು ಬರುವ ಹೊತ್ತಿಗೆ ಆ ಗೂಡಿನ ಲಾಟೇ ಮುಗಿದಿರುತ್ತಿತ್ತು. ಸ್ಕ್ರಿಪ್ಟ್ ಬರೆಯಬಲ್ಲ ಪರದೆ ಹಾಕಿದ ಮೇಲೆ ಆ ಮನೆಯ ಡಿಪ್ಲೊಮಾ ಓದುವ ಹುಡುಗನೇ ಲಾಟಿಗೊಂದು ವಿಧಾನ ಬರೆದುಕೊಂಡ. ಜಾವಾಸ್ಕ್ರಿಪ್ಟಿನಲ್ಲಿ ಚರಾಂಶಗಳ ಹೆಸರು ಕನ್ನಡದಲ್ಲೇ ಇಡಬಹುದು ಎಂದು ತೋರಿಸಿಕೊಟ್ಟಿದ್ದೆ. ಅವನ ನಿಯಮಗಳಲ್ಲಿ 'ಗೂಡಿನ_ತಳಿ', 'ನೀರಿನ_ಬಿಸಿ', 'ಬೆಂದ_ಹೊತ್ತು' ಎಂಬ ಪದಗಳಿವೆ. ಅವನ ಅಪ್ಪ ಅದನ್ನು ಓದಿ, "ಬೇಸಿಗೆಗೆ ಇಷ್ಟು ಹೊತ್ತು ಬೇಡ ಕಣೋ" ಎಂದು ತಿದ್ದಿದರು. ಪ್ರೋಗ್ರಾಮನ್ನು ಓದಿ ತಪ್ಪು ಹಿಡಿಯಲು ಆ ಮನುಷ್ಯನಿಗೆ ಪ್ರೋಗ್ರಾಮಿಂಗ್ ಗೊತ್ತಿರಬೇಕಾಗಲಿಲ್ಲ.

ಒಂದು ಗೆರೆಯನ್ನು ಮಾತ್ರ ನಾನು ಎಲ್ಲೆಡೆ ದಪ್ಪಗೆ ಎಳೆಯುತ್ತೇನೆ. ಬಾಯ್ಲರಿನ ಸುರಕ್ಷತೆ ಸ್ಕ್ರಿಪ್ಟಿನ ಕೈಯಲ್ಲಿ ಇರಬಾರದು. ಸೇಫ್ಟಿ ವಾಲ್ವು, ನೀರು ಇಳಿದರೆ ಉರಿ ನಿಲ್ಲಿಸುವ ಸ್ವಿಚ್ಚು, ತುರ್ತು ನಿಲುಗಡೆಯ ಕೆಂಪು ಗುಂಡಿ, ಇವು ಕಬ್ಬಿಣದಲ್ಲಿ ಮತ್ತು ತಂತಿಯಲ್ಲಿ ಇರಬೇಕು. ಗಣಕ ಸತ್ತರೂ, ಪರದೆ ಕಪ್ಪಾದರೂ ಅವು ಕೆಲಸ ಮಾಡಬೇಕು. ಬದಲಿಸಬಹುದಾದದ್ದು ಎಲ್ಲಿಯವರೆಗೆ, ಬದಲಿಸಬಾರದ್ದು ಎಲ್ಲಿಂದ ಎಂದು ಗೊತ್ತಿದ್ದರೇನೇ ಹುಡುಗನ ಕೈಗೆ ಕೀಲಿ ಕೊಡಲು ಧೈರ್ಯ ಬರುವುದು.

ಕೀಲಿ ಎಂದಾಗ ಮಾಗಡಿ ನೆನಪಾಗುತ್ತದೆ. ಬೆಂಗಳೂರಿಗೆ ನೀರು ಕೊಡಲೆಂದು ಅರ್ಕಾವತಿ, ಕುಮುದ್ವತಿಗಳು ಕೂಡುವಲ್ಲಿ 1933ರಲ್ಲಿ ಮುಗಿದ ತಿಪ್ಪಗೊಂಡನಹಳ್ಳಿ ಜಲಾಶಯ ಇರುವುದು ಆ ಸೀಮೆಯಲ್ಲೇ. ಅಲ್ಲಿನ ಹಳ್ಳಿಗಳಲ್ಲಿ ನೀರು ಬಿಡುವವರನ್ನು ಇನ್ನೂ ನೀರುಗಂಟಿ ಎನ್ನುತ್ತಾರೆ. ಯಾವ ಬೀದಿಗೆ ಎಷ್ಟು ಹೊತ್ತು, ಯಾವ ಕೊಳವೆಬಾವಿ ಯಾವಾಗ ಗಾಳಿ ಉಗುಳುತ್ತದೆ ಎಂಬುದು ಅವರ ಬಾಯಲ್ಲಿರುತ್ತದೆ. ಪಂಪಿನ ಸದ್ದು ಕೇಳಿಯೇ ನೀರಿಲ್ಲ ಎನ್ನುತ್ತಾರೆ. ಅಂಥ ಒಂದು ಊರಿನಲ್ಲಿ ಪಂಪುಗಳಿಗೆ ಹಾಕಿದ್ದ ಪರದೆಯನ್ನು ನೋಡಲು ಹೋಗಿದ್ದೆ. ಟ್ಯಾಂಕು ತುಂಬುವ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಬೇಕಿತ್ತು, ಅಷ್ಟೇ. ಆದರೆ ಪಾಸ್‌ವರ್ಡು ಹಿಂದಿನ ಗುತ್ತಿಗೆದಾರರ ಬಳಿ. ಮೂಲ ಕಡತವೂ ಅವರ ಬಳಿ. ಅವರ ಫೋನು ಸ್ವಿಚ್ ಆಫ್. ಕೆಲಸ ಮಾಡುವ ಪರದೆ, ಓಡುವ ಪಂಪು, ನೀರು ತುಂಬಿದ ಬಾವಿ ಎಲ್ಲ ಇದ್ದೂ ನೀರುಗಂಟಿ ಮೊದಲಿನಂತೆ ಸ್ಟಾರ್ಟರಿನ ಹಸಿರು ಗುಂಡಿಗೆ ಮರಳಿದ್ದರು. ದುಡ್ಡು ಕೊಟ್ಟು ಕೊಂಡದ್ದು ಊರಿನದಾಗಿರಲಿಲ್ಲ.

ಅಲ್ಲಿಂದ ಬಂದ ಮೇಲೆ ಯಾವ ಕೆಲಸಕ್ಕೂ ನಾನು ಮೂರು ವಸ್ತುಗಳನ್ನು ಬಿಟ್ಟುಬರುತ್ತೇನೆ. ಪರದೆಯ ಮೂಲ ಕಡತದ ಪ್ರತಿ ಎರಡು ಪೆನ್‌ಡ್ರೈವಿನಲ್ಲಿ, ಪಾಸ್‌ವರ್ಡು ಬರೆದ ಮುಚ್ಚಿದ ಲಕೋಟೆ ಮನೆಯ ಬೀರುವಿನಲ್ಲಿ, ಯಾವ ಖಾನೆಯ ಅಂಕಿಗೆ ಯಾವ ಅರ್ಥ ಎಂಬ ಪಟ್ಟಿ ಕನ್ನಡದಲ್ಲಿ. ಇವನ್ನು ಬಿಟ್ಟುಬರಲು ಅವಕಾಶ ಕೊಡದ ಸಾಫ್ಟ್‌ವೇರ್ ಎಷ್ಟೇ ಕಮ್ಮಿಯಾದರೂ ದುಬಾರಿ.

ರಾಮನಗರದ ಶೆಡ್ಡಿಗೆ ಕೊನೆಗೆ ನೋಡ್-ರೆಡ್ ಮತ್ತು ಫುಕ್ಸಾ ಹಾಕಿದೆವು. ಅದಕ್ಕಿಂತ ದೊಡ್ಡ ಘಟಕವಾಗಿದ್ದರೆ, ರಾತ್ರಿ ಹಗಲು ಓಡುವ ಹತ್ತಾರು ಯಂತ್ರಗಳಿದ್ದರೆ, ಕರೆದರೆ ಬರುವ ಕಂಪನಿ ಇರುವ ಸಾಫ್ಟ್‌ವೇರನ್ನೇ ಹೇಳುತ್ತಿದ್ದೆ. ಎಲ್ಲಕ್ಕೂ ಒಂದೇ ಮದ್ದು ಇಲ್ಲ.

ಟ್ಯಾಗ್ ಎಣಿಸಬೇಕಿಲ್ಲದ ಪರದೆ ಏನು ಕೊಟ್ಟಿತು ಎಂಬುದು ಮಾತ್ರ ನನಗೆ ನಂತರ ತಿಳಿಯಿತು. ಹಿಂದಿನ ಕೊಟೇಶನ್ನಿನ ಲೆಕ್ಕದಲ್ಲಿ ಟ್ಯಾಗ್ ಉಳಿಸಲು ನಾವು ಮೊದಲು ಹೊಡೆದುಹಾಕುತ್ತಿದ್ದದ್ದು ಯಾವುದನ್ನು? ಉಷ್ಣತೆಯನ್ನಲ್ಲ, ಮೋಟಾರನ್ನಲ್ಲ. ಕೆಲಸ ಮಾಡುವವರು ಏನಾದರೂ ಹೇಳಲು ಇಡುವ ಗುಂಡಿಗಳನ್ನು. ಲೆಕ್ಕಿಗರಿಗೆ ಅವು ಅಲಂಕಾರ. ರಾಮನಗರದಿಂದ ಬೆಂಗಳೂರಿನ ಕಡೆಗೆ ಹೊರಟರೆ ಸಿಗುವ ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. ಟೊಯೊಟಾದವರ ಪದ್ಧತಿಯಲ್ಲಿ 'ಆಂಡಾನ್' ಎಂಬ ಏರ್ಪಾಟು ಪ್ರಸಿದ್ಧ. ಜಪಾನೀ ಭಾಷೆಯಲ್ಲಿ ಆ ಪದಕ್ಕೆ ಕಾಗದದ ದೀಪ ಎಂದರ್ಥ. ತಪ್ಪು ಕಂಡ ಕೆಲಸಗಾರ ಹಗ್ಗ ಎಳೆಯುತ್ತಾನೆ, ದೀಪ ಹೊತ್ತುತ್ತದೆ, ಅದು ಬಗೆಹರಿಯದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಅಷ್ಟು ದೊಡ್ಡ ಕಂಪನಿ ಅಷ್ಟು ದುಡ್ಡು ಹಾಕಿ ಕಟ್ಟಿಕೊಂಡದ್ದು ಯಂತ್ರದ ಎದುರು ಮನುಷ್ಯ 'ಇಲ್ಲ' ಎನ್ನುವ ಒಂದು ದಾರಿಯನ್ನು.

ನಮ್ಮ ಶೆಡ್ಡಿನಲ್ಲಿ ಆ ಹಗ್ಗ ಒಂದು ಗುಂಡಿಯ ರೂಪದಲ್ಲಿ ಬಂತು. ಹೊತ್ತು ಮತ್ತು ಬಿಸಿಯ ಲೆಕ್ಕ ಮುಗಿದಾಗ ಪರದೆ 'ಗೂಡು ಬೆಂದಿದೆ' ಎನ್ನುತ್ತದೆ. ಅಮ್ಮ ಒಂದು ಗೂಡು ಎತ್ತಿ ಬೆರಳಲ್ಲಿ ಒತ್ತಿ ನೋಡಿ, "ಎಲ್ಲಿ ಬೆಂದೈತೆ? ಸುಮ್ನೆ ಹೇಳ್ತದೆ ಇದು" ಎನ್ನುತ್ತಿದ್ದರು. ಹೇಳಿದ ಮಾತು ಹಬೆಯಲ್ಲಿ ಹೋಗುತ್ತಿತ್ತು. ಈಗ ಆ ಸಂದೇಶದ ಕೆಳಗೇ 'ಇನ್ನೂ ಬೆಂದಿಲ್ಲ' ಎಂಬ ಗುಂಡಿ ಇದೆ. ಅವರು ಒತ್ತಿದರೆ ಆ ಕ್ಷಣದ ಬಿಸಿ, ಕಳೆದ ಹೊತ್ತು, ಲಾಟಿನ ತಳಿ ಎಲ್ಲ ಅವರ ಮಾತಿನ ಜತೆ ದಾಖಲಾಗುತ್ತವೆ. ವಾರಕ್ಕೊಮ್ಮೆ ಮನೆಯವರು ಆ ಸಾಲುಗಳನ್ನು ಅಮ್ಮನ ಜತೆಯಲ್ಲೇ ಕೂತು ಓದಿ ನಿಯಮ ತಿದ್ದುತ್ತಾರೆ. ಕೆಲವು ಸಲ ಅಂಕಿ ಬದಲಾಗುತ್ತದೆ. ಕೆಲವು ಸಲ ಅಮ್ಮ, "ಅವತ್ತು ನನಗೇ ಆತುರವಿಲ್ಲದೆ ತಡವಾಯ್ತು ಬಿಡಿ, ಅದು ಹೇಳಿದ್ದೇ ಸರಿ" ಎಂದು ಬಿಟ್ಟುಕೊಡುತ್ತಾರೆ. ಯಂತ್ರ ಬಂದಾಗ ಕೈಗಳಿಗೆ ಗೊತ್ತಿರುವುದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಈ ಸಾಲುಗಳು ಒಂದು ಸಣ್ಣ ಉತ್ತರ.

ಯಾವ ಸಾಫ್ಟ್‌ವೇರ್ ಕಮ್ಮಿ ಎಂದು ಯಾರಾದರೂ ಕೇಳಿದರೆ ಈಗಲೂ ಬೆಲೆಪಟ್ಟಿ ಮುಂದಿಡುತ್ತೇನೆ, ಅದು ನನ್ನ ಕೆಲಸ. ಜೊತೆಗೆ ಮೂರು ಪ್ರಶ್ನೆ ಕೇಳುತ್ತೇನೆ. ಇದರಲ್ಲಿ ಒತ್ತಕ್ಷರ ಸರಿಯಾಗಿ ಬೀಳುತ್ತದೆಯೇ? ನಾನಿಲ್ಲದಾಗ ನಿಮ್ಮ ಮನೆಯವರು ಇದನ್ನು ತಿದ್ದಬಹುದೇ? ಇದರ ಮುಂದೆ ನಿಲ್ಲುವವರು ಇದಕ್ಕೆ 'ಇಲ್ಲ' ಎನ್ನಬಹುದೇ? ಮೂರಕ್ಕೂ ಹೌದು ಎಂದು ಬಂದದ್ದು ಯಾವುದೋ, ಅದು ಸಿಗುವ ಬೆಲೆಗೆ ಕಮ್ಮಿ.